ಡಯಾಲಿಸಿಸ್ ರೋಗಿಗೆ ಟಾನಿಕ್ಕೋ, ಸೋಪೋ?

ಮನೆಯಲ್ಲಿ ಯಾರಿಗಾದರೂ ಡಯಾಲಿಸಿಸ್ ನಡೀತಿದ್ದರೆ "ಶಕ್ತಿ ಬರ್ಲಿ" ಅಂತ ಮೆಡಿಕಲ್ ಶಾಪಿನಿಂದ ವಿಟಮಿನ್ ಮಾತ್ರೆ ತಂದು ಕೊಡುವವರಿದ್ದಾರೆ. ಸ್ವಲ್ಪ ತಡೆಯಿರಿ. ವಾರಕ್ಕೆ 2-3 ಸಲ, ಸುಮಾರು 4 ಗಂಟೆ ರಕ್ತ ಶುದ್ಧಿ ಮಾಡುವಾಗ ಕಲ್ಮಶದ ಜೊತೆ ಬಿ ಗುಂಪಿನ ವಿಟಮಿನ್‌ಗಳು, ಫೋಲಿಕ್ ಆಮ್ಲ, ಸಿ ವಿಟಮಿನ್ ಕೂಡ ಹೊರಗೆ ಹೋಗುತ್ತವೆ. ಅದಕ್ಕೇ ಡಾಕ್ಟರು ಇವನ್ನು ಬರೆದುಕೊಡೋದು. ಡಯಾಲಿಸಿಸ್ ದಿನ ಅದು ಮುಗಿದ ಮೇಲೆ ನುಂಗಬೇಕು. ಆದರೆ ಎ ವಿಟಮಿನ್ ಹೊರಗೆ ಹೋಗದು, ಮೈಯಲ್ಲೇ ಸೇರಿ ವಿಷವಾಗಬಹುದು. ಎಲ್ಲಾ ವಿಟಮಿನ್ ಬೆರೆತ ಸಾಮಾನ್ಯ ಮಾತ್ರೆ ಬೇಡವೆನ್ನುವುದು ಇದಕ್ಕೇ. ಸಿ ಕೂಡ ಅತಿಯಾದರೆ ಆಕ್ಸಲೇಟ್ ಆಗಿ ಹೃದಯ, ಎಲುಬಿನಲ್ಲಿ ಕೂರುತ್ತದೆ.

ಇನ್ನು ಸೋಂಕು. ಅದನ್ನು ಮಾತ್ರೆ ತಡೆಯೋದಿಲ್ಲ. ಕುತ್ತಿಗೆಯಲ್ಲಿ ನಳಿಕೆ ಹಾಕಿದ್ದರೆ ಅಲ್ಲಿ ನೀರು ತಾಗಬಾರದು; ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಪಟ್ಟಿ ಬಿಚ್ಚುವುದು ನರ್ಸಮ್ಮನ ಕೆಲಸ, ನಮ್ಮದಲ್ಲ. ಕೈಯಲ್ಲಿ ಫಿಸ್ಟುಲಾ ಇದ್ದರೆ ಸೂಜಿ ಹಾಕುವ ಮೊದಲು ಆ ಕೈಯನ್ನು ಸೋಪು ಹಾಕಿ ತೊಳೆಯಲಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ಕೇಳಿ. ಚಳಿಜ್ವರ ಬಂದರೆ ಮಾತ್ರೆ ಕೊಟ್ಟು "ಬೆಳಗಾಗ್ಲಿ ನೋಡೋಣ" ಅನ್ನಬೇಡಿ. ನಳಿಕೆಯ ಸೋಂಕು ನೇರ ರಕ್ತಕ್ಕೇ ಇಳಿಯುತ್ತದೆ, ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.