ನಿರ್ವರ್ಣ ಬೇರೆ, ನಿರ್ಮಲ ಬೇರೆ
ಐಚ್ಛಿಕ ಕನ್ನಡ ಅಭ್ಯಾಸ ಪಾಠ: ವಿಜ್ಞಾನ ಬರಹದಲ್ಲಿ ಪದವಿವೇಕ

ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ, ಆಲೂರುಗಳೊಡನೆ ಅದೂ ಅತ್ತ ಸೇರಿತು. ಗಡಿ ನಡುವೆ ಬಂದರೂ ಇಂದು ಎರಡೂ ಊರುಗಳನ್ನು ಒಂದೇ ಕಸುಬು ಬೆಸೆದಿದೆ: ಬಳ್ಳಾರಿಯಂತೆ ರಾಯದುರ್ಗವೂ ಜೀನ್ಸ್ ಉಡುಪಿಗೆ ಹೆಸರಾಗಿದೆ. ಹೊಲಿದ ಜೀನ್ಸ್ ಅಂಗಡಿ ಸೇರುವ ಮುನ್ನ ಅದರ ಗಂಜಿ ತೆಗೆಯಬೇಕು, ಬಣ್ಣ ಮಾಸಿಸಬೇಕು, ಬಟ್ಟೆಯನ್ನು ಮೆದುಗೊಳಿಸಬೇಕು. ಈ ಒಗೆತದಿಂದ ಹೊರಬೀಳುವುದು ನೀಲಿ ನೀರು. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ ಆ ನೀರು ಎಲ್ಲಿ ಇಂಗುತ್ತದೆ ಎಂಬುದು ಬಾವಿಯನ್ನು ನಂಬಿದ ಎಲ್ಲರ ಪ್ರಶ್ನೆ.

ಇಂಥ ನೀರಿನ ಬಣ್ಣ ಕಳೆಯಲು ವಿಜ್ಞಾನಿಗಳು ಪರೀಕ್ಷಿಸಿರುವ ಸಾಧನಗಳಲ್ಲಿ ಶಿಲೀಂಧ್ರವೂ ಒಂದು. ಈ ಪದವೇ ಒಂದು ಪಾಠ. ಸಂಸ್ಕೃತದಲ್ಲಿ ಶಿಲೀಂಧ್ರವೆಂದರೆ ಅಣಬೆ. ಗುಡುಗಿಗೆ ನೆಲದಿಂದ ಅಣಬೆ ಏಳುವ ಚಿತ್ರ ಕಾಳಿದಾಸನ ಮೇಘದೂತದಲ್ಲಿದೆ. ಇಂದಿನ ಕನ್ನಡದಲ್ಲಿ ಅದರ ಅರ್ಥ ಹಿಗ್ಗಿ, ಅಣಬೆ, ಬೂಷ್ಟು, ಹುದುಗು ಎಲ್ಲವನ್ನೂ ಒಳಗೊಂಡಿದೆ. ‘ಕಿಣ್ವ’ದ ಕಥೆಯೂ ಅಂಥದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಮದ್ಯ ಹುಳಿಸುವ ಹುದುಗು; ಇಂದು ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ವಸ್ತು. ಒಂದು ಪದದ ಅರ್ಥ ಹಿಗ್ಗಿತು, ಇನ್ನೊಂದರದು ಬೇರೆಡೆಗೆ ಸರಿಯಿತು.

ಮೂರು ಕಡೆ ಕರ್ನಾಟಕದಿಂದ ಸುತ್ತುವರಿದ ಮಡಕಶಿರಾದಲ್ಲಿ ವಿದ್ಯಾರ್ಥಿಯ ಕಿವಿಗೆ ಕನ್ನಡ, ತೆಲುಗು ಎರಡೂ ಬೀಳುತ್ತವೆ. ಕನ್ನಡದ ನಾಯಿಕೊಡೆ ತೆಲುಗಿನಲ್ಲಿ ಕುಕ್ಕಗೊಡುಗು, ಮರಾಠಿಯಲ್ಲಿ ಕುತ್ರ್ಯಾಚೀ ಛತ್ರೀ. ಮೂರು ಭಾಷೆಗಳೂ ಅದೇ ನಾಯಿಗೆ ಅದೇ ಕೊಡೆ ಹಿಡಿದಿವೆ. ಶಾಸ್ತ್ರಪದಕ್ಕೆ ಗ್ರಂಥದ ಆಸರೆ ಬೇಕು. ಇಂಥ ಪದ ಹೊಲದ ಬದುವಿನಲ್ಲಿ ತಾನೇ ಬೆಳೆಯುತ್ತದೆ. ವಿಜ್ಞಾನ ಬರೆಯುವವನಿಗೆ ಎರಡೂ ಬೇಕು.

ಇನ್ನು ವಿಷಯ. ಸತ್ತ ಮರವನ್ನು ಗಟ್ಟಿಯಾಗಿಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿ ಒಡೆಯಬಲ್ಲ ಜೀವಿಗಳು ಕಡಮೆ. ಬಿಳಿ ಕೊಳೆ ಶಿಲೀಂಧ್ರಗಳು ಅಂಥವು. ಹುಲ್ಲಿನ ಮೇಲೆ ಬೆಳೆಸುವ ಚಿಪ್ಪಣಬೆಯೂ ಈ ಗುಂಪಿಗೆ ಸೇರಿದೆ. ಇವು ಲ್ಯಾಕೇಸ್, ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳನ್ನು ದೇಹದಿಂದ ಹೊರಕ್ಕೆ ಸ್ರವಿಸುತ್ತವೆ. ಲಿಗ್ನಿನ್ನಿನ ರಚನೆ ಕ್ರಮಬದ್ಧವಲ್ಲವಾದ್ದರಿಂದ ಅದನ್ನು ಒಡೆಯುವ ಕಿಣ್ವಗಳೂ ಒಂದೇ ಬೀಗಕ್ಕೆ ಹೊಂದುವ ಕೀಲಿಗಳಲ್ಲ. ಅನೇಕ ಕೃತಕ ಬಣ್ಣಗಳನ್ನೂ ಅವು ಒಡೆಯುತ್ತವೆ. ಫನೆರೊಕೀಟೆ ಕ್ರೈಸೊಸ್ಪೋರಿಯಂ ಎಂಬ ಶಿಲೀಂಧ್ರವು ಡಿಡಿಟಿಯಂಥ ಹಟಮಾರಿ ವಿಷವನ್ನೂ ಒಡೆಯಬಲ್ಲದೆಂದು 1985ರಲ್ಲಿ ಪ್ರಕಟವಾದ ಸಂಶೋಧನೆ ಈ ಕ್ಷೇತ್ರಕ್ಕೆ ದಾರಿ ತೆರೆಯಿತು. ಲ್ಯಾಕೇಸ್ ಜೀನ್ಸ್‌ನ ಇಂಡಿಗೊ ನೀಲಿಯನ್ನು ಸಣ್ಣ ಅಣುಗಳಾಗಿ ಒಡೆಯುತ್ತದೆ. ನೀಲಿ ಮರೆಯಾಗುತ್ತದೆ.

ಇಲ್ಲಿಯೇ ಭಾಷೆಯ ವಿದ್ಯಾರ್ಥಿ ಎಚ್ಚರಗೊಳ್ಳಬೇಕು. ನೀಲಿ ಮರೆಯಾದ ನೀರು ನಿರ್ವರ್ಣ. ಅಷ್ಟರಿಂದಲೇ ಅದು ನಿರ್ಮಲವಲ್ಲ. ಕೆಲವು ಬಣ್ಣಗಳು ಅರೆಬರೆ ಒಡೆದಾಗ ಹುಟ್ಟುವ ವಸ್ತುಗಳು ಮೂಲ ಬಣ್ಣಕ್ಕಿಂತ ಹೆಚ್ಚು ವಿಷಕಾರಿಯಾಗಬಲ್ಲವು. ನೀರಿನಲ್ಲಿ ಕರಗಿದ ಲವಣವನ್ನು ಶಿಲೀಂಧ್ರ ತೆಗೆಯಲಾರದು. ಅದಕ್ಕೆ ತುಸು ಹುಳಿಯಾದ ನೀರು ಹಿತ; ಒಗೆತದ ನೀರು ಹೆಚ್ಚಾಗಿ ಕ್ಷಾರೀಯ. ಪ್ರಯೋಗಾಲಯದ ಶುದ್ಧ ಪಾತ್ರೆಯಲ್ಲಿ ಗೆದ್ದ ಶಿಲೀಂಧ್ರವನ್ನು ಕಾರ್ಖಾನೆಯ ತೊಟ್ಟಿಯಲ್ಲಿ ಬ್ಯಾಕ್ಟೀರಿಯಗಳು ಮೀರಿಸಿ ಬೆಳೆಯುವುದುಂಟು. ಆದ್ದರಿಂದ ಶಿಲೀಂಧ್ರವು ಶುದ್ಧೀಕರಣದ ಒಂದು ಹಂತ ಮಾತ್ರ. ಮುಂದಿನ ಹಂತಗಳಿಗೆ ಅದು ಬದಲಿಯಲ್ಲ.

ವರದಿಯೊಂದನ್ನು ಕನ್ನಡಕ್ಕೆ ತರುವವನು ‘ಬಣ್ಣ ಕಳೆದ ನೀರು’ ಎನ್ನಬೇಕಾದಲ್ಲಿ ‘ಶುದ್ಧ ನೀರು’ ಎಂದು ಬರೆದನೆನ್ನಿ. ವ್ಯಾಕರಣ ಕೆಡಲಿಲ್ಲ, ಶೈಲಿ ಕೆಡಲಿಲ್ಲ. ಆದರೆ ಅದನ್ನು ಓದಿದ ರೈತ ಆ ನೀರನ್ನು ದನಕ್ಕೆ ಕುಡಿಸಬಹುದು. ಗಡಿನಾಡಿನಲ್ಲಿ ಕನ್ನಡ ಓದುವವರಿಗೆ ಮುಂದೆ ಇಂಥ ಅನುವಾದದ ಕೆಲಸ ಬಂದೇ ಬರುತ್ತದೆ. ಶಬ್ದಮಣಿದರ್ಪಣ ಓದಿ ಪಡೆದ ಶಬ್ದವಿವೇಕ ಬಾವಿಯ ಕಟ್ಟೆಯಲ್ಲಿಯೂ ಕೆಲಸಕ್ಕೆ ಬರುವುದು ಹೀಗೆ.

ಅಭ್ಯಾಸ

1. ನಿರ್ವರ್ಣ, ನಿರ್ಮಲ, ನಿರ್ವಿಷ: ಅರ್ಥಭೇದ ತೋರುವಂತೆ ಒಂದೊಂದು ವಾಕ್ಯ ರಚಿಸಿರಿ.
2. ಅಣಬೆ, ಬೂಷ್ಟುಗಳಿಗೆ ನಿಮ್ಮ ಊರಿನ ಹಿರಿಯರು ಬಳಸುವ ಕನ್ನಡ, ತೆಲುಗು ಹೆಸರುಗಳನ್ನು ಸಂಗ್ರಹಿಸಿ ಹೋಲಿಸಿರಿ.
3. ಬಣ್ಣ ಕಳೆದರೂ ಕುಡಿಯಲು ಯೋಗ್ಯವಲ್ಲದ ನೀರಿನ ತೊಟ್ಟಿಯ ಬಳಿ ಹಾಕಲು, ಎಲ್ಲರಿಗೂ ತಿಳಿಯುವ ನಾಲ್ಕು ಸಾಲಿನ ಎಚ್ಚರಿಕೆಯ ಫಲಕ ಬರೆಯಿರಿ.