ಮುಚ್ಚಿದ ಗಾಡಿಯೊಳಗೆ ಧೂಳು ಬರುವುದೇಕೆ?

ಬೇಸಗೆಯ ಒಂದು ಬೆಳಗ್ಗೆ ನಾವು ಆರು ಮಂದಿ ಚಿಕ್ಕದೊಂದು ವ್ಯಾನಿನಲ್ಲಿ ಹಲಸೂರಿನಿಂದ ಹೊರಟೆವು. ಇಂದಿರಾನಗರದ ಅಂಚನ್ನು ಹಾದು, ಹಳೆಯ ಮದರಾಸು ರಸ್ತೆಯನ್ನು ಹಿಡಿದು, ಕೃಷ್ಣರಾಜಪುರದ ತೂಗುಸೇತುವೆಯನ್ನು ದಾಟುವವರೆಗೆ ಪ್ರಯಾಣವು ಸುಖವಾಗಿಯೇ ಇದ್ದಿತು. ಹೊಸಕೋಟೆಯ ದಿಕ್ಕಿನಲ್ಲಿ ಕೆಲವು ಮೈಲಿ ಸಾಗಿದ ಮೇಲೆ ಹೆದ್ದಾರಿಯನ್ನು ಬಿಟ್ಟು ಮಣ್ಣಿನ ಹಾದಿಯೊಂದಕ್ಕೆ ತಿರುಗಿದೆವು. ಕೆಂಧೂಳು ಏಳುವುದನ್ನು ಕಂಡು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದೆವು. ಹೊರಗಾಳಿ ಬರುವ ಕಿಂಡಿಯನ್ನೂ ಮುಚ್ಚಿ, ಇನ್ನು ಭಯವಿಲ್ಲವೆಂದುಕೊಂಡೆವು.

ಅರ್ಧ ಗಂಟೆಯ ಅನಂತರ ಇಳಿದು ನೋಡಿದರೆ, ಚಾಲಕನ ಬಿಳಿಯ ಅಂಗಿ ಬಿಳಿಯದಾಗಿಯೇ ಇದ್ದಿತು. ಹಿಂದಿನ ಆಸನದಲ್ಲಿದ್ದ ಇಬ್ಬರು ವಿದ್ಯಾರ್ಥಿಗಳ ತಲೆಗೂದಲು, ಹುಬ್ಬು, ತೊಡೆಯ ಮೇಲಿದ್ದ ಬುತ್ತಿಯ ಡಬ್ಬಿ ಎಲ್ಲವೂ ಕೆಂಪಾಗಿದ್ದವು. ಅವರಲ್ಲಿ ಒಬ್ಬನಿಗೆ ಉಬ್ಬಸದ ತೊಂದರೆ. ಅವನು ಮರದ ನೆರಳಿನಲ್ಲಿ ಕುಳಿತು ಬಹಳ ಹೊತ್ತು ಕೆಮ್ಮಿದನು.

ಗಾಡಿ ಮುಂದಕ್ಕೆ ಓಡುವಾಗ ಗಾಳಿ ಮುಂದಿನಿಂದ ಬಂದು ಬಡಿಯುತ್ತದೆ. ಹಾಗಿರುವಾಗ ಧೂಳು ಹಿಂದಿನಿಂದ ಒಳಹೊಕ್ಕದ್ದು ಹೇಗೆ? ಎಲ್ಲ ಕಿಂಡಿಗಳನ್ನೂ ಮುಚ್ಚಿದ ಮೇಲೂ ಅದಕ್ಕೆ ದಾರಿ ದೊರೆತದ್ದೆಲ್ಲಿ? ಈ ಎರಡು ಪ್ರಶ್ನೆಗಳನ್ನು ವಿಚಾರಿಸೋಣ.

ಧೂಳಿನ ಸ್ವರೂಪ

ಬೆಂಗಳೂರಿನ ಪೂರ್ವಭಾಗದ ಕೆಂಪು ಮಣ್ಣು ಬಹುಕಾಲದ ಬಿಸಿಲು ಮಳೆಗಳಿಂದ ಶಿಥಿಲವಾದ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಮಣ್ಣು. ಅದರ ಕೆಂಪು ಬಣ್ಣವು ಕಬ್ಬಿಣದ ಆಕ್ಸೈಡಿನಿಂದ ಬಂದುದು. ಅದರಲ್ಲಿ ಜೇಡಿಯ ಸೂಕ್ಷ್ಮ ಕಣಗಳೂ ಬೆಣಚುಕಲ್ಲಿನ ಗಟ್ಟಿ ಕಣಗಳೂ ಬೆರೆತಿರುತ್ತವೆ. ಈ ಕಣಗಳನ್ನು ಅಳೆಯಲು ಮೈಕ್ರೊಮೀಟರು, ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ಅನುಕೂಲವಾದ ಮಾನ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೊಮೀಟರು.

ನಿಶ್ಚಲವಾದ ಗಾಳಿಯಲ್ಲಿ 100 ಮೈಕ್ರೊಮೀಟರಿನ ಬೆಣಚು ಕಣವು ಒಂದು ಮೀಟರು ಕೆಳಗಿಳಿಯಲು ಸುಮಾರು 2 ಸೆಕೆಂಡು ಸಾಕು. 10 ಮೈಕ್ರೊಮೀಟರಿನ ಕಣಕ್ಕೆ ಸುಮಾರು 2 ನಿಮಿಷ ಬೇಕು. 1 ಮೈಕ್ರೊಮೀಟರಿನ ಕಣಕ್ಕೆ ಸುಮಾರು 3 ಗಂಟೆ ಬೇಕು. ಸೂಕ್ಷ್ಮ ಕಣಗಳು ಬೀಳುವ ವೇಗವು ಅವುಗಳ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆಂಬ ಈ ನಿಯಮವು, 1851ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಪ್ರಕಟಿಸಿದ ಸಂಶೋಧನೆಯಿಂದ ದೊರೆಯುತ್ತದೆ. ಆದುದರಿಂದ ದಪ್ಪ ಕಣಗಳು ಬೇಗನೆ ನೆಲ ಸೇರುತ್ತವೆ. ಸೂಕ್ಷ್ಮ ಕಣಗಳಾದರೋ ಗಾಳಿಯೊಡನೆಯೇ ಚಲಿಸುತ್ತವೆ. ಗಾಳಿ ಹೋದಲ್ಲಿಗೆ ಅವೂ ಹೋಗುತ್ತವೆ. ಧೂಳನ್ನು ತಡೆಯಬೇಕಾದರೆ ಮೊದಲು ಗಾಳಿಯ ನಡೆಯನ್ನು ಅರಿಯಬೇಕು.

ಗಾಡಿಯ ಬೆನ್ನಿನ ಗಾಳಿ

ಮನೆಯಲ್ಲಿಯೇ ಮಾಡಬಹುದಾದ ಸರಳ ಪ್ರಯೋಗವೊಂದಿದೆ. ತಟ್ಟೆಯ ಮೇಲೆ ಮೇಣದ ಬತ್ತಿಯನ್ನು ಹೊತ್ತಿಸಿ ನಿಲ್ಲಿಸಿರಿ. ಅದರ ಮುಂದೆ, ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ, ಅಂಗೈಯಗಲದ ರಟ್ಟನ್ನು ನೆಟ್ಟಗೆ ಹಿಡಿಯಿರಿ. ಈಗ ರಟ್ಟಿನ ಈಚೆಯಿಂದ ಬಲವಾಗಿ ಊದಿರಿ. ಜ್ವಾಲೆಯು ನಮ್ಮಿಂದ ಆಚೆಗೆ ಬಾಗುವುದೆಂದು ಎಣಿಸುತ್ತೇವೆ. ಆದರೆ ಅದು ರಟ್ಟಿನ ಕಡೆಗೇ, ಎಂದರೆ ಊದುವವರ ಕಡೆಗೇ, ಬಾಗುತ್ತದೆ. ರಟ್ಟಿನ ಅಂಚುಗಳನ್ನು ದಾಟಿ ರಭಸದಿಂದ ಸಾಗುವ ಗಾಳಿಯು ಹಿಂಭಾಗದ ಗಾಳಿಯನ್ನು ತನ್ನೊಡನೆ ಎಳೆದೊಯ್ಯುತ್ತದೆ. ಅಲ್ಲಿ ಒತ್ತಡ ತಗ್ಗುತ್ತದೆ. ಆ ಕೊರತೆಯನ್ನು ತುಂಬಲು ಗಾಳಿ ಸುಳಿಸುಳಿಯಾಗಿ ಹಿಂದಿರುಗುತ್ತದೆ.

ಓಡುವ ವ್ಯಾನಿನ ಹಿಂಬದಿಯೂ ಇಂಥ ರಟ್ಟೇ ಸರಿ. ಗಾಲಿಗಳು ಎಬ್ಬಿಸಿದ ಧೂಳು ಆ ಸುಳಿಯಲ್ಲಿ ಸಿಕ್ಕಿ, ಹಿಂದಿನ ಬಾಗಿಲಿನ ಬಳಿಯಲ್ಲಿಯೇ ಸುತ್ತುತ್ತಿರುತ್ತದೆ. ಬಸ್ಸಿನ ಕೊನೆಯ ಸಾಲಿನಲ್ಲಿ ಕುಳಿತು ಹಳ್ಳಿಗೆ ಹೋದವರೆಲ್ಲರೂ ಇದನ್ನು ಅನುಭವದಿಂದ ಬಲ್ಲರು.

ಈ ಒತ್ತಡವನ್ನು ಲೆಕ್ಕ ಹಾಕಬಹುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿನ ಒಂದು ಘನಮೀಟರು ಗಾಳಿಯ ದ್ರವ್ಯರಾಶಿ ಸುಮಾರು 1.1 ಕಿಲೋಗ್ರಾಂ. ಗಾಡಿಯು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವಾಗ, ಮೂತಿಗೆ ನೇರವಾಗಿ ಬಡಿದು ನಿಲ್ಲುವ ಗಾಳಿಯ ಹೆಚ್ಚಿನ ಒತ್ತಡವು ಸುಮಾರು 150 ಪಾಸ್ಕಲ್. ಇದು 15 ಮಿಲಿಮೀಟರು ಎತ್ತರದ ನೀರಿನ ಒತ್ತಡಕ್ಕೆ ಸಮ. ಹಿಂಬದಿಯಲ್ಲಿ ಒತ್ತಡವು ಇದರ ಐದನೆಯ ಒಂದು ಪಾಲಿನಷ್ಟು, ಎಂದರೆ 30 ಪಾಸ್ಕಲಿನಷ್ಟು, ಸುತ್ತಲಿನ ಗಾಳಿಗಿಂತ ತಗ್ಗಿರುವುದೆಂದು ಇಟ್ಟುಕೊಳ್ಳೋಣ. ಹಿಂದೆ ಒತ್ತಡ ತಗ್ಗಿದ್ದರೆ ಗಾಳಿ ಒಳಗಿನಿಂದ ಹೊರಕ್ಕೆ ಹೋಗಬೇಕಲ್ಲವೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಗಾಡಿಯ ಪಕ್ಕಗಳಲ್ಲಿಯೂ ಮಾಡಿನ ಮೇಲೂ ಗಾಳಿ ಇನ್ನಷ್ಟು ರಭಸದಿಂದ ಹರಿಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆಂಬುದು 1738ರಲ್ಲಿ ಡೇನಿಯಲ್ ಬರ್ನೂಲಿಯ ಗ್ರಂಥದಲ್ಲಿ ಪ್ರಕಟವಾದ ತತ್ತ್ವ. ಆದುದರಿಂದ ಮುಂದಿನ ಕಿಟಕಿಗಳ ಸಂದುಗಳು ಒಳಗಿನ ಗಾಳಿಯನ್ನು ಇನ್ನೂ ಬಲವಾಗಿ ಹೊರಕ್ಕೆ ಹೀರುತ್ತವೆ. ಒಳಗಿನ ಒತ್ತಡವು ಹಿಂಬದಿಯ ಒತ್ತಡಕ್ಕಿಂತಲೂ ಕೆಳಗಿಳಿದರೆ, ಹೊರಹೋದ ಗಾಳಿಯ ಸ್ಥಳವನ್ನು ತುಂಬಲು ಹಿಂದಿನ ಬಿರುಕುಗಳಿಂದ ಧೂಳುಗಾಳಿ ನುಗ್ಗುತ್ತದೆ. ಸೆಕೆಗಾಗಿ ಮುಂದಿನ ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿದರೆ ಹಿಂದೆ ಕುಳಿತವರಿಗೆ ಧೂಳು ಹೆಚ್ಚುವುದು ಇದರಿಂದಲೇ.

ಒಂದು ಬಿರುಕಿನ ಲೆಕ್ಕ

ಹಿಂದಿನ ಬಾಗಿಲಿನ ಸುತ್ತ ಒಂದು ಮೀಟರು ಉದ್ದ, ಒಂದು ಮಿಲಿಮೀಟರು ಅಗಲದ ಬಿರುಕು ಇದೆಯೆನ್ನಿರಿ. ಒಳಗಿನ ಒತ್ತಡವು ಬಿರುಕಿನ ಹೊರಗಿನ ಒತ್ತಡಕ್ಕಿಂತ 30 ಪಾಸ್ಕಲ್ ಕಡಿಮೆಯಿದ್ದರೆ, ಗಾಳಿ ಸೆಕೆಂಡಿಗೆ ಸುಮಾರು 7 ಮೀಟರು ವೇಗದಲ್ಲಿ ಒಳನುಗ್ಗುತ್ತದೆ. ಬಿರುಕಿನಲ್ಲಿ ಪ್ರವಾಹವು ಸಂಕೋಚಗೊಳ್ಳುವುದನ್ನು ಗಣಿಸಿದರೂ, ನಿಮಿಷಕ್ಕೆ ಸುಮಾರು 250 ಲೀಟರು ಗಾಳಿ ಒಳಗೆ ಬರುತ್ತದೆ. ವ್ಯಾನಿನ ಒಳಗಾತ್ರ 5 ಘನಮೀಟರಾದರೆ, 20 ನಿಮಿಷದಲ್ಲಿ ಅಷ್ಟೇ ಪ್ರಮಾಣದ ಧೂಳುಗಾಳಿ ಒಳಸೇರಿದಂತಾಯಿತು. ಅಂಚೆಯ ಕಾರ್ಡು ಸಲೀಸಾಗಿ ತೂರುವಷ್ಟು ಸಂದಿನಿಂದಲೇ ಇಷ್ಟು ಅನಾಹುತ!

ಒಳಗಿನ ಒತ್ತಡವನ್ನು ಏರಿಸುವುದು

ಎಲ್ಲ ಬಿರುಕುಗಳನ್ನೂ ಮುಚ್ಚುವುದು ಅಸಾಧ್ಯ. ಆದರೆ ಗಾಳಿಯ ದಿಕ್ಕನ್ನು ತಿರುಗಿಸುವುದು ಸಾಧ್ಯ. ಮುಂದಿನ ಗಾಜಿನ ಬುಡದಲ್ಲಿ ಹೊರಗಾಳಿಯ ಕಿಂಡಿಯಿರುತ್ತದೆ. ಅಲ್ಲಿ ಒತ್ತಡ ಹೆಚ್ಚು. ನಮ್ಮ ಗಾಲಿಗಳೆಬ್ಬಿಸಿದ ಧೂಳು ಅಲ್ಲಿಗೆ ಬರುವುದು ಕಡಿಮೆ. ಆ ಕಿಂಡಿಯನ್ನು ತೆರೆದು, ಕಿಟಕಿಗಳನ್ನು ಮುಚ್ಚಿ, ಬ್ಲೋವರನ್ನು ಜೋರಾಗಿ ಓಡಿಸಿದರೆ, ಶೋಧಕದ ಮೂಲಕ ಬಂದ ಗಾಳಿ ಒಳಗೆ ತುಂಬಿ ಒತ್ತಡ ಏರುತ್ತದೆ. ಆಗ ಪ್ರತಿಯೊಂದು ಬಿರುಕಿನಲ್ಲಿಯೂ ಗಾಳಿ ಹೊರಕ್ಕೆ ಹರಿಯುತ್ತದೆ. ಧೂಳು ಅದರೆದುರು ಒಳಬರಲಾರದು. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವ ಏರ್ಪಾಟಿನಿಂದ ಈ ಫಲ ದೊರೆಯದು. ನಾವು ಆ ಬೆಳಗ್ಗೆ ಕಿಂಡಿಯನ್ನು ಮುಚ್ಚಿದ್ದೇ ತಪ್ಪು.

ಇದೇ ತತ್ತ್ವವು ನಮ್ಮ ನೆರೆಯಲ್ಲಿಯೇ ದೊಡ್ಡ ಪ್ರಮಾಣದಲ್ಲಿ ಬಳಕೆಯಲ್ಲಿದೆ. ಮಾರತಹಳ್ಳಿಯ ಬಳಿಯ ಇಸ್ರೋ ಕೇಂದ್ರದಲ್ಲಿ ಉಪಗ್ರಹಗಳನ್ನು ಜೋಡಿಸುವುದು ನಿರ್ಮಲ ಕೊಠಡಿಗಳಲ್ಲಿ. ಇಂಥ ಕೊಠಡಿಗಳಿಗೆ ಶೋಧಿಸಿದ ಗಾಳಿಯನ್ನು ತುಂಬಿ, ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಾಗಿ ಇಟ್ಟಿರುತ್ತಾರೆ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ಕ್ರಮವೂ ಹೀಗೆಯೇ. ಗಣಿಗಳಲ್ಲಿ ದುಡಿಯುವ ಭಾರಿ ಯಂತ್ರಗಳ ಚಾಲಕನ ಕೋಣೆಗೂ ಶೋಧಿಸಿದ ಗಾಳಿಯನ್ನು ಒತ್ತಿ ತುಂಬುವ ಪದ್ಧತಿಯಿದೆ.

ಹಿಂದಿರುಗುವಾಗ ನಾವು ಪರೀಕ್ಷಿಸಿದೆವು. ಹಿಂದೆ ಕುಳಿತವರು ಬಾಗಿಲಿನ ಸಂದಿನ ಬಳಿ ಹೊಲಿಗೆಯ ದಾರದ ತುಂಡೊಂದನ್ನು ಹಿಡಿದರು. ಕಿಂಡಿ ಮುಚ್ಚಿದ್ದಾಗ ದಾರದ ತುದಿ ಒಳಕ್ಕೆ ಹಾರುತ್ತಿದ್ದಿತು. ಕಿಂಡಿ ತೆರೆದು ಬ್ಲೋವರು ಹಾಕಿದೊಡನೆ ಅದು ಸಂದಿನ ಕಡೆಗೆ ತಿರುಗಿತು. ಉಬ್ಬಸದ ಹುಡುಗನು ಈ ಸಲ ಕೆಮ್ಮಲಿಲ್ಲ.

ಬಿರುಕುಗಳನ್ನು ಕಂಡುಹಿಡಿಯುವ ಬಗೆ

ಬಿರುಕು ಕಡಿಮೆಯಾದಷ್ಟೂ ಬ್ಲೋವರಿನ ಕೆಲಸ ಸುಲಭ. ಬಾಗಿಲಿನ ರಬ್ಬರ್ ಬೀಡಿಂಗಿಗೆ ಕಾಗದದ ಪಟ್ಟಿಯೊಂದನ್ನು ತಾಗಿಸಿ ಬಾಗಿಲು ಹಾಕಿರಿ; ಪಟ್ಟಿ ಸಲೀಸಾಗಿ ಜಾರಿ ಬಂದರೆ ಅಲ್ಲಿ ಬೀಡಿಂಗು ಸವೆದಿದೆ. ರಾತ್ರಿಯಲ್ಲಿ ಗಾಡಿಯೊಳಗೆ ಟಾರ್ಚು ಹೊತ್ತಿಸಿ ಹೊರಗಿನಿಂದ ನೋಡಿದರೆ ಬೆಳಕಿನ ಗೆರೆಗಳು ಬಿರುಕುಗಳನ್ನು ತೋರಿಸುತ್ತವೆ. ನೆಲದ ಹಲಗೆಯಲ್ಲಿ ತಂತಿಗಳು ಹಾಯುವ ರಂಧ್ರಗಳನ್ನು ಮರೆಯಬಾರದು. ಶಿವಾಜಿನಗರದ ಸಾಧಾರಣ ಗ್ಯಾರೇಜಿನಲ್ಲಿಯೂ ಇವನ್ನು ಸರಿಪಡಿಸಿಕೊಳ್ಳಬಹುದು. ಅನೇಕ ಕಾರುಗಳ ಹಿಂಭಾಗದಲ್ಲಿ ಒಳಗಾಳಿ ಹೊರಹೋಗಲೆಂದು ರಬ್ಬರಿನ ಮುಚ್ಚಳಗಳುಳ್ಳ ಕಿಂಡಿಗಳಿರುತ್ತವೆ. ಆ ಮುಚ್ಚಳಗಳು ಹರಿದಿದ್ದರೆ ಅವು ಧೂಳಿನ ಹೆಬ್ಬಾಗಿಲಾಗುತ್ತವೆ. ಗಾಳಿಯ ಶೋಧಕವನ್ನೂ ಕಾಲಕಾಲಕ್ಕೆ ಬದಲಾಯಿಸಬೇಕು. ಅದು ಕಟ್ಟಿಕೊಂಡರೆ ಒತ್ತಡ ಏರುವುದಿಲ್ಲ.

ಒಂದು ಎಚ್ಚರಿಕೆ: ಹಿಂದಿನ ಬಾಗಿಲನ್ನಾಗಲಿ ಡಿಕ್ಕಿಯನ್ನಾಗಲಿ ತೆರೆದಿಟ್ಟು ಎಂದಿಗೂ ಗಾಡಿ ಓಡಿಸಬಾರದು. ಧೂಳನ್ನು ಎಳೆತರುವ ಸುಳಿಯೇ ಹೊಗೆಕೊಳವೆಯ ಕಾರ್ಬನ್ ಮೊನಾಕ್ಸೈಡನ್ನೂ ಒಳಗೆ ತರಬಲ್ಲದು. ಈ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ವೇಗವೂ ಧೂಳೂ

ಧೂಳಿನ ವಿಷಯವನ್ನು ಬಟ್ಟೆಯ ಕೊಳೆಯೆಂದು ಅಲಕ್ಷಿಸಲಾಗದು. 10 ಮೈಕ್ರೊಮೀಟರಿಗಿಂತ ದಪ್ಪ ಕಣಗಳು ಬಹುಮಟ್ಟಿಗೆ ಮೂಗು ಗಂಟಲುಗಳಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಅದಕ್ಕಿಂತ ಬಹಳ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಾವು ಹಿಡಿದ ಇದೇ ರಸ್ತೆಯು ಮುಂದೆ ಕೋಲಾರಕ್ಕೆ ಹೋಗುತ್ತದೆ. 2001ರಲ್ಲಿ ಮುಚ್ಚಿದ ಅಲ್ಲಿನ ಚಿನ್ನದ ಗಣಿಗಳಲ್ಲಿ, ಬೆಣಚಿನ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗವು 1934ರಲ್ಲಿಯೇ ವರದಿಯಾಗಿತ್ತು. ಪ್ರಯಾಣಿಕನ ಒಂದು ದಿನದ ಧೂಳು ಗಣಿಗಾರನ ಬಾಳಿನ ಧೂಳಿಗೆ ಸಮವಲ್ಲ, ನಿಜ. ಆದರೆ ದಿನವೂ ಮಣ್ಣಿನ ಹಾದಿಯಲ್ಲಿ ಶಾಲೆಗೆ ಹೋಗುವ ಮಗುವಿನ ಮಟ್ಟಿಗೆ ನಾವು ಎಚ್ಚರವಾಗಿರುವುದು ಒಳ್ಳೆಯದು.

ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ವೇಗವನ್ನು ತಗ್ಗಿಸುವುದು. ಒತ್ತಡದ ವ್ಯತ್ಯಾಸವು ವೇಗದ ವರ್ಗಕ್ಕೆ ಅನುಗುಣವಾದುದರಿಂದ, 60ರಿಂದ 30 ಕಿಲೋಮೀಟರಿಗೆ ಇಳಿದರೆ ಅದು ನಾಲ್ಕನೆಯ ಒಂದು ಪಾಲಾಗುತ್ತದೆ. ಗಾಲಿಗಳೆಬ್ಬಿಸುವ ಧೂಳೂ ಕಡಿಮೆಯಾಗುತ್ತದೆ. ನಮ್ಮ ಗಾಡಿಯನ್ನು ಎಷ್ಟು ಚೆನ್ನಾಗಿ ಭದ್ರಪಡಿಸಿದರೂ ನಾವು ಎಬ್ಬಿಸಿದ ಧೂಳು ಎಲ್ಲಿಗೂ ಮಾಯವಾಗುವುದಿಲ್ಲ. ಸೈಕಲ್ಲಿನಲ್ಲಿ ಬರುವವನ ಮೇಲೆ, ದಾರಿಯ ಪಕ್ಕದ ಮನೆಯ ಅಂಗಳದಲ್ಲಿ ಅದು ಬೀಳುತ್ತದೆ. ಒಳಗಿರುವವರನ್ನು ಕಾಪಾಡಲು ಬ್ಲೋವರು ಸಾಕು. ಹೊರಗಿರುವವರನ್ನು ಕಾಪಾಡಬಲ್ಲುದು ಚಾಲಕನ ಕಾಲೊಂದೇ.