ಕ್ಯಾನ್ಸರ್: ಹುಟ್ಟು, ಹರಡುವಿಕೆ ಮತ್ತು ಚಿಕಿತ್ಸೆ

ಚೆನ್ನೈ ನಗರದ ಕೋಡಂಬಾಕ್ಕಂ ಎಂದೊಡನೆ ಹಿರಿಯ ಕನ್ನಡಿಗರಿಗೆ ನೆನಪಾಗುವುದು ಚಲನಚಿತ್ರ ಸ್ಟುಡಿಯೋಗಳು. ಕನ್ನಡ ಚಿತ್ರಗಳು ಬಹುಕಾಲ ಅಲ್ಲಿಯೇ ತಯಾರಾಗುತ್ತಿದ್ದವು. ಆ ದಿನಗಳಲ್ಲಿಯೇ, ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ಅಡ್ಯಾರ್‌ನಲ್ಲಿ ಮಹತ್ತ್ವದ ಕಾರ್ಯವೊಂದು ಆರಂಭವಾಯಿತು. ತಮ್ಮ ತಂಗಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಅಲ್ಲಿ ಕೇವಲ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ತೆರೆಯಿತು. ಈ ರೋಗ ಬಂದರೆ ಸಾವೇ ಗತಿ ಎಂದು ಜನ ನಂಬಿದ್ದ ಕಾಲ ಅದು. ಇಂದು ಹಲವು ಬಗೆಯ ಕ್ಯಾನ್ಸರುಗಳು ಆರಂಭದಲ್ಲಿಯೇ ಪತ್ತೆಯಾದರೆ ಗುಣವಾಗುತ್ತವೆ. ಆದರೆ ಹಳೆಯ ಭಯ ಉಳಿದಿದೆ. ಆ ಭಯದಿಂದಲೇ ಅನೇಕರು ತಡವಾಗಿ ಆಸ್ಪತ್ರೆಗೆ ಬರುತ್ತಾರೆ.

ಗಡ್ಡೆ ಹುಟ್ಟುವ ಬಗೆ

ನಮ್ಮ ಶರೀರದ ಜೀವಕೋಶಗಳು ಅಗತ್ಯವಿದ್ದಷ್ಟೇ ವಿಭಜನೆ ಹೊಂದುತ್ತವೆ, ಹಳೆಯವು ಸಾಯುತ್ತವೆ. ಈ ಕ್ರಮವನ್ನು ನಿಯಂತ್ರಿಸುವವು ಜೀನುಗಳು. ಜೀನುಗಳಲ್ಲಿ ದೋಷಗಳು ಒಂದರ ಮೇಲೊಂದು ಸೇರಿದಾಗ ಯಾವುದೋ ಒಂದು ಕೋಶ ಹಿಡಿತ ತಪ್ಪಿ ಬೆಳೆಯತೊಡಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಹಲವು ವರ್ಷಗಳೇ ಹಿಡಿಯುತ್ತವೆ. ತಂಬಾಕು, ಅಡಿಕೆ ಮತ್ತು ಮದ್ಯ ಇಂತಹ ದೋಷಗಳಿಗೆ ಮುಖ್ಯ ಕಾರಣಗಳು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಬಹುಮಟ್ಟಿಗೆ ಎಚ್.ಪಿ.ವಿ. ಎಂಬ ವೈರಸ್ ಕಾರಣ. ಅದಕ್ಕೆ ಲಸಿಕೆ ಇದೆ.

ಎಲ್ಲ ಗಡ್ಡೆಗಳೂ ಕ್ಯಾನ್ಸರ್ ಅಲ್ಲ. ಕೆಲವು ಇದ್ದಲ್ಲಿಯೇ ಉಳಿಯುತ್ತವೆ. ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗುವ ಗುಣವೇ ಮಾರಕ ಗಡ್ಡೆಯ ಲಕ್ಷಣ.

ಹರಡುವ ಬಗೆ

ಕ್ಯಾನ್ಸರ್ ಕೋಶಗಳು ಮೂಲ ಗಡ್ಡೆಯಿಂದ ಕಳಚಿಕೊಂಡು ದುಗ್ಧರಸ ನಾಳಗಳ ಮೂಲಕ ಸಮೀಪದ ಗ್ರಂಥಿಗಳನ್ನೂ, ರಕ್ತದ ಮೂಲಕ ಶ್ವಾಸಕೋಶ, ಯಕೃತ್ತು, ಮೂಳೆ, ಮಿದುಳುಗಳನ್ನೂ ಸೇರಬಲ್ಲವು. ಸ್ತನದ ಕ್ಯಾನ್ಸರ್ ಮೂಳೆಗೆ ಹರಡಿದರೂ ಅದು ಸ್ತನದ ಕ್ಯಾನ್ಸರೇ. ಚಿಕಿತ್ಸೆಯೂ ಅದಕ್ಕೆ ತಕ್ಕಂತೆಯೇ ನಡೆಯುತ್ತದೆ. ಹರಡುವ ಮೊದಲಿನ ಅವಧಿಯೇ ರೋಗಿಯ ಪಾಲಿಗೆ ಅಮೂಲ್ಯವಾದುದು. ರೋಗಿಯನ್ನು ಮುಟ್ಟುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ ಕ್ಯಾನ್ಸರ್ ಅಂಟುವುದಿಲ್ಲ.

ಪತ್ತೆ ಮಾಡುವ ಕ್ರಮ

ಈ ಕೆಳಗಿನ ಚಿಹ್ನೆಗಳು ಕಂಡುಬಂದರೆ ವೈದ್ಯರನ್ನು ಕಾಣಬೇಕು:

1. ಎರಡು ಮೂರು ವಾರಗಳಾದರೂ ಮಾಯದ ಬಾಯಿ ಹುಣ್ಣು, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ.
2. ಸ್ತನದಲ್ಲಿ, ಕಂಕುಳಲ್ಲಿ ಅಥವಾ ಕುತ್ತಿಗೆಯಲ್ಲಿ ಗಂಟು.
3. ಮುಟ್ಟು ನಿಂತ ಮೇಲೆ ಅಥವಾ ಎರಡು ಮುಟ್ಟುಗಳ ನಡುವೆ ರಕ್ತಸ್ರಾವ.
4. ಬಹುದಿನ ಗಂಟಲು ಕಟ್ಟಿರುವುದು, ನುಂಗಲು ಕಷ್ಟವಾಗುವುದು, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು.

ಆರಂಭದ ಗಡ್ಡೆ ಬಹುಪಾಲು ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ.

ಗಡ್ಡೆಯ ಸಣ್ಣ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ಸೂಜಿ ತಾಗಿದರೆ ರೋಗ ಹರಡೀತೆಂಬ ಅಂಜಿಕೆಯಿಂದ ಇದನ್ನು ಮುಂದೂಡಬಾರದು. ಬಳಿಕ ಸ್ಕ್ಯಾನ್ ಮುಂತಾದವುಗಳಿಂದ ರೋಗದ ಹಂತವನ್ನು ಗುರುತಿಸುತ್ತಾರೆ.

ಚಿಕಿತ್ಸೆ

ಗಡ್ಡೆಯನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ, ಕೋಶಗಳನ್ನು ನಾಶಮಾಡುವ ವಿಕಿರಣ ಚಿಕಿತ್ಸೆ ಮತ್ತು ಶರೀರದಾದ್ಯಂತ ಕೆಲಸ ಮಾಡುವ ಔಷಧ ಚಿಕಿತ್ಸೆ, ಈ ಮೂರು ಪ್ರಮುಖ ವಿಧಾನಗಳು. ಅನೇಕ ವೇಳೆ ಇವುಗಳನ್ನು ಜೊತೆಗೂಡಿಸಿ ನೀಡುತ್ತಾರೆ. ಔಷಧದಿಂದ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಸ್ವಲ್ಪ ಗುಣ ಕಂಡೊಡನೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು. ಗುಣವಾಗದ ಹಂತದಲ್ಲಿಯೂ ನೋವನ್ನು ತಗ್ಗಿಸುವ ಉಪಶಾಮಕ ಆರೈಕೆ ಇದೆ.

ಅಡ್ಯಾರ್ ಸಂಸ್ಥೆಯಂತೆಯೇ, 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಈ ಸೇವೆಯಲ್ಲಿ ತೊಡಗಿದೆ. ಮೂವತ್ತು ವರ್ಷ ದಾಟಿದವರಿಗೆ ಬಾಯಿ, ಸ್ತನ ಹಾಗೂ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ನಡೆಸುವುದು ಸರ್ಕಾರಿ ಆರೋಗ್ಯ ಕಾರ್ಯಕ್ರಮದ ಭಾಗವಾಗಿದೆ. ಮನೆಯ ಹೆಣ್ಣುಮಕ್ಕಳು ಸಂಕೋಚದಿಂದ ಹಿಂಜರಿದರೆ ಕುಟುಂಬದವರೇ ಧೈರ್ಯ ಹೇಳಿ ಕರೆದೊಯ್ಯಬೇಕು. ಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದರೆ ಮನಸ್ಸಿಗೆ ನೆಮ್ಮದಿ. ಇದೆಯೆಂದು ಬೇಗ ತಿಳಿದರೆ ಗುಣಪಡಿಸಲು ಅವಕಾಶ.